ಚಪ್ಪರದ ಕಚೇರಿ, ಪಡಸಾಲೆಯ ಕಚೇರಿ

ಯುಗಾದಿ ಕಳೆದು ರಾಮನವಮಿ ಸಮೀಪಿಸಿತೆಂದರೆ ಬೆಂಗಳೂರು ಮೈಸೂರುಗಳಲ್ಲಿ ಸಂಗೀತದ ಸುಗ್ಗಿ ಮೊದಲಾಗುತ್ತದೆ. ಪಾನಕ ಕೋಸಂಬರಿಗಳಂತೆಯೇ ಕಚೇರಿಯೂ ಆ ಹಬ್ಬದ ಅಂಗವೆಂದು ನಮ್ಮ ಜನ ಭಾವಿಸಿದ್ದಾರೆ. ಭಾದ್ರಪದದಲ್ಲಿ ಗಣಪತಿಯ ಹೆಸರಿನಲ್ಲಿ ಇದೇ ಸಂಭ್ರಮ ಮರಳುತ್ತದೆ. ಮೈಸೂರಿನ ವಾಣಿವಿಲಾಸ ಮೊಹಲ್ಲದ ಎಂಟನೆಯ ಅಡ್ಡರಸ್ತೆಯ ಗಣೇಶೋತ್ಸವ ಸಂಗೀತದಿಂದಲೇ ಹೆಸರಾಯಿತು. ಇಷ್ಟು ಉತ್ಸವಗಳು ನಡೆಯುತ್ತಿರುವಾಗ ಸಂಗೀತಕ್ಕೆ ಬಂದಿರುವ ಕೊರತೆಯಾದರೂ ಏನು ಎಂದು ಕೇಳುವವರುಂಟು. ಉತ್ಸವಗಳ ಸಂಖ್ಯೆಯೇ ಅಳತೆಗೋಲಾದರೆ ಕೊರತೆ ಏನೂ ಇಲ್ಲ. ಆದರೆ ಸಂಗೀತಋತುವೊಂದರ ಆರೋಗ್ಯವನ್ನು ಅಳೆಯಲು ಬೇರೆ ಎರಡು ಪ್ರಶ್ನೆಗಳನ್ನು ಕೇಳಬೇಕು: ಹಾಡುವವನಿಗೂ ಕೇಳುವವನಿಗೂ ನಡುವಿನ ದೂರ ಎಷ್ಟು? ವೇದಿಕೆಯ ಮೇಲೆ ಕುಳಿತ ನಾಲ್ಕೈದು ಜನರಲ್ಲಿ ಯಾರಿಗೆ ಎಷ್ಟು ಮನ್ನಣೆ?

ಪಾಶ್ಚಾತ್ಯರಲ್ಲಿ ಚೇಂಬರ್ ಮ್ಯೂಸಿಕ್ ಎಂಬ ಪ್ರಕಾರವೊಂದಿದೆ. ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೋ, ಇಷ್ಟೇ ಸೇರಿ ಒಂದು ಕೋಣೆಯಲ್ಲಿ ನುಡಿಸುವ ಸಂಗೀತ ಅದರ ಪ್ರಸಿದ್ಧ ರೂಪ. ಅಲ್ಲಿ ಕೈಬೀಸಿ ನಡೆಸುವ ನಿರ್ದೇಶಕನಿಲ್ಲ; ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತ ನಡೆಯುವುದೇ ಅದರ ಶಿಸ್ತು. ವಿಚಾರಮಾಡಿ ನೋಡಿದರೆ ನಮ್ಮ ಸಂಗೀತವೂ ಸ್ವಭಾವತಃ ಇದೇ ಜಾತಿಯದು. ಗಾಯಕನ ಒಂದು ಗಮಕವನ್ನು ಪಿಟೀಲಿನವರು ಹಿಡಿದು ಮರುನುಡಿಯುವುದು, ಅದಕ್ಕೆ ಮೃದಂಗದವರು ಒಂದು ನಸು ಗುಮ್ಕಿಯಿಂದ ತಲೆದೂಗುವುದು, ಮುಂದಿನ ಸಾಲಿನ ರಸಿಕ 'ಭಲೆ' ಎಂದಾಗ ಗಾಯಕ ಆ ಸಂಗತಿಯನ್ನು ಇನ್ನಷ್ಟು ಬೆಳೆಸುವುದು, ಇವೆಲ್ಲ ಕೈಗೆಟಕುವ ದೂರದಲ್ಲಿ ಮಾತ್ರ ಪೂರ್ಣವಾಗಿ ನಡೆಯುವ ವ್ಯವಹಾರಗಳು. ನಮ್ಮ ಹಿರಿಯರ ಮನೆಗಳ ಪಡಸಾಲೆಯೇ ಈ ಕಲೆಗೆ ತಕ್ಕ ಅಂಕಣ.

ಹಾಗೆಂದು ಹಳೆಯ ಕಾಲವನ್ನು ಸುಮ್ಮನೆ ಹೊಗಳುವುದು ನ್ಯಾಯವಲ್ಲ. ಅರಮನೆಯ ಅಂಬಾವಿಲಾಸಕ್ಕೆ ಪ್ರವೇಶವಿದ್ದದ್ದು ಕೆಲವರಿಗೆ. ಶ್ರೀಮಂತರ ಪಡಸಾಲೆಗೆ ಇನ್ನು ಕೆಲವರಿಗೆ. ಕುಲವೂ ಅಂತಸ್ತೂ ಹೊಸ್ತಿಲಲ್ಲಿ ನಿಂತು ಕಾಯುತ್ತಿದ್ದವು. ಹಾಡುವವರಿಗೂ ಈ ಹೊಸ್ತಿಲು ತಪ್ಪಲಿಲ್ಲ. ಮೈಸೂರು ಸೀಮೆಯಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಸ್ವಂತ ಹಣದಿಂದ ಗುಡಿ ಕಟ್ಟಿಸಿದರು. ಆದರೂ ಅಲ್ಲಿಯ ಆರಾಧನೆಯಲ್ಲಿ ಹೆಂಗಸರು ಹಾಡಲು ಅನುಮತಿಯಿರಲಿಲ್ಲ. ಅವರು ಹೆಂಗಸರದೇ ಬೇರೆ ಆರಾಧನೆಯನ್ನು ನಡೆಸಿ ಆ ಹಕ್ಕನ್ನು ಗೆದ್ದುಕೊಳ್ಳಬೇಕಾಯಿತು.

ಈ ಬಾಗಿಲನ್ನು ತೆರೆದ ಕೀರ್ತಿ ಸಾರ್ವಜನಿಕ ಸಭೆಗಳಿಗೆ ಸಲ್ಲಬೇಕು. ಬೆಂಗಳೂರಿನ ಗಾಯನ ಸಮಾಜ 1905ರಲ್ಲಿ ಸ್ಥಾಪಿತವಾಯಿತು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ಆಸ್ಥಾನ ವಿದ್ವಾಂಸರಾಗಿದ್ದೂ, ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿ ಊರಿನ ಸಂಗೀತಕ್ಕೆ ಒಂದು ನೆಲೆಮಾಡಿಕೊಟ್ಟರು. ಮದರಾಸಿನಲ್ಲಿ 1927ರ ಕಾಂಗ್ರೆಸ್ ಅಧಿವೇಶನದೊಡನೆ ನಡೆದ ಸಂಗೀತ ಸಮ್ಮೇಳನದಿಂದ ಮರುವರ್ಷ ಸಂಗೀತ ಅಕಾಡೆಮಿ ಹುಟ್ಟಿತು. ಡಿಸೆಂಬರಿನ ಋತು ಬೆಳೆದದ್ದು ಅದರ ಬೆನ್ನಿಗೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ರಾಮಸೇವಾ ಮಂಡಳಿಯನ್ನು ಆರಂಭಿಸಿದರು. ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದಲ್ಲಿ ದಕ್ಷಿಣಾದಿ ಉತ್ತರಾದಿ ಎಂಬ ಭೇದವಿಲ್ಲದೆ ಮಹಾವಿದ್ವಾಂಸರು ಹಾಡಿದರು. ಅರಮನೆಯ ಬಾಗಿಲನ್ನು ಕಂಡರಿಯದ ಗುಮಾಸ್ತರೂ ಉಪಾಧ್ಯಾಯರೂ ಅಂಗಡಿಯವರೂ ಅವರನ್ನು ಕೇಳಿದರು. ಇದು ಸಣ್ಣ ಸಾಧನೆಯಲ್ಲ.

ಬಾಗಿಲು ತೆರೆದಂತೆ ಸಭೆ ಹಿಗ್ಗಿತು. ಸಭೆ ಹಿಗ್ಗಿದಂತೆ ದನಿ ಸಾಲದಾಯಿತು. ಪಿಟೀಲಿನ ನಾದ ದೊಡ್ಡ ಸಭೆಯ ಕೊನೆಯವರೆಗೆ ಮುಟ್ಟಬೇಕೆಂದು ಕೃಷ್ಣಪ್ಪನವರ ಶಿಷ್ಯರಾದ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲನ್ನು ರೂಪಿಸಿದರು. ಧ್ವನಿವರ್ಧಕ ಇನ್ನೂ ಬಳಕೆಗೆ ಬಾರದಿದ್ದ ಕಾಲದಲ್ಲಿ ಕಲಾವಿದನೊಬ್ಬ ತನ್ನ ವಾದ್ಯದಿಂದಲೇ ಕಂಡುಕೊಂಡ ಪರಿಹಾರ ಅದು. ಮುಂದೆ ಧ್ವನಿವರ್ಧಕ ಬಂದು ಆ ಚಿಂತೆಯನ್ನೇ ತೊಡೆದುಹಾಕಿತು. ಅದರೊಡನೆ ಬೇರೊಂದು ಚಿಂತೆಯನ್ನೂ ತಂದಿತು. 1960ರ ದಶಕದಲ್ಲಿ ಮೃದಂಗದ ಪಾಲ್ಘಾಟ್ ಮಣಿ ಅಯ್ಯರ್ ಅವರು ಧ್ವನಿವರ್ಧಕವಿಲ್ಲದ ಕಚೇರಿಯೇ ಬೇಕೆಂದು ಹಟಹಿಡಿದಾಗ ಅದನ್ನು ಹಿರಿಯರೊಬ್ಬರ ಮೊಂಡುತನವೆಂದು ಬಗೆದವರಿದ್ದರು. ಯಂತ್ರ ನಾದವನ್ನು ದೊಡ್ಡದು ಮಾಡಬಲ್ಲದು. ಪಕ್ಕದಲ್ಲಿ ಕುಳಿತವನ ಮೆಲುದನಿಗೆ ಕಿವಿಗೊಡುವ ಅಭ್ಯಾಸವನ್ನು ಮಾತ್ರ ಅದು ಕಲಿಸಲಾರದು. ಇಂದು ವೇದಿಕೆಯ ಮೇಲಿರುವವರು ತಮ್ಮತಮ್ಮ ಮುಂದಿನ ಧ್ವನಿಪೆಟ್ಟಿಗೆಯಿಂದ ಬರುವುದನ್ನು ಕೇಳುತ್ತಾರೆ. ಕಚೇರಿಯ ಮೊದಲ ಹತ್ತು ನಿಮಿಷ 'ಇನ್ನೂ ಸ್ವಲ್ಪ ಹೆಚ್ಚಿಸಿ' ಎಂಬ ಸನ್ನೆಯಲ್ಲಿಯೇ ಕಳೆದುಹೋಗುವುದು ಅಪರೂಪವಲ್ಲ.

ಇದರ ಪರಿಣಾಮ ನಾದಕ್ಕಷ್ಟೇ ನಿಂತಿಲ್ಲ. ಕಲಾವಿದರ ಬಾಳಿಗೂ ತಟ್ಟಿದೆ. ಸಾವಿರ ಆಸನಗಳನ್ನು ತುಂಬಿಸಬೇಕಾದ ಸಭೆ ಹೆಸರನ್ನೇ ನಂಬಬೇಕಾಗುತ್ತದೆ. ಪ್ರಾಯೋಜಕರು ಹಣ ಕೊಡುವುದೂ ಹೆಸರನ್ನು ನೋಡಿಯೇ. ಆದುದರಿಂದ ಅವೇ ಕೆಲವು ಹೆಸರುಗಳು ಉತ್ಸವದಿಂದ ಉತ್ಸವಕ್ಕೆ ಸುತ್ತುತ್ತವೆ. ಊರಿನ ಕಲಾವಿದರಿಗೆ ಸಂಜೆ ಐದರ ಹೊತ್ತು, ಅದೂ ಕುರ್ಚಿಗಳನ್ನು ಜೋಡಿಸುವ ಸದ್ದಿನ ನಡುವೆ. ಬಹುಪಾಲು ಸಂಭಾವನೆ ಮುಖ್ಯ ಕಲಾವಿದರ ಪಾಲಾದರೆ ಪಿಟೀಲು ಮೃದಂಗಗಳಿಗೆ ಉಳಿದದ್ದು. ಘಟ, ಖಂಜೀರ, ಮೋರ್ಚಿಂಗುಗಳಿಗೆ ಉಳಿದದ್ದರಲ್ಲಿ ಉಳಿದದ್ದು. ತಂಬೂರಿ ಹಿಡಿದು ಎರಡೂವರೆ ಗಂಟೆ ಕುಳಿತ ಶಿಷ್ಯನಿಗೆ ಪ್ರಸಾದವೇ ಸಂಭಾವನೆ. ಕೇಳುವವರೂ ಈ ತಾರತಮ್ಯಕ್ಕೆ ತಮ್ಮ ಕಾಣಿಕೆ ಸಲ್ಲಿಸುತ್ತಾರೆ. ತನಿ ಆವರ್ತನ ಆರಂಭವಾಯಿತೋ ಇಲ್ಲವೋ, ಅರ್ಧ ಸಭೆ ಎದ್ದು ಕಾಫಿಯ ಕಡೆ ನಡೆಯುತ್ತದೆ. ವರ್ಷಗಟ್ಟಲೆ ಲೆಕ್ಕಾಚಾರವನ್ನು ಅರಗಿಸಿಕೊಂಡು ನುಡಿಸುವ ಲಯವಾದ್ಯಗಾರನಿಗೆ ನಾವು ಕೊಡುವ ಮರ್ಯಾದೆ ಇದು!

ಬೇರೆ ದಾರಿಯೇ ಇಲ್ಲವೇ? ಉಂಟೆಂಬುದಕ್ಕೆ ದೂರದ ಒಂದು ನಿದರ್ಶನ ಸಾಕು. ರಾಮಸೇವಾ ಮಂಡಳಿ ಹುಟ್ಟಿದ 1939ರಲ್ಲಿಯೇ, ಮಹಾಯುದ್ಧ ತೊಡಗಿ ಲಂಡನ್ನಿನ ನಾಟಕಶಾಲೆ ಗಾನಶಾಲೆಗಳೆಲ್ಲ ಕತ್ತಲಲ್ಲಿ ಮುಳುಗಿದ್ದಾಗ, ಪಿಯಾನೋ ವಾದಕಿ ಮೈರಾ ಹೆಸ್ ಆ ನಗರದ ನ್ಯಾಷನಲ್ ಗ್ಯಾಲರಿಯಲ್ಲಿ ಮಧ್ಯಾಹ್ನದ ಕಚೇರಿಗಳನ್ನು ಆರಂಭಿಸಿದರು. ಚಿತ್ರಗಳನ್ನು ಬಾಂಬಿನ ಭಯದಿಂದ ಬೇರೆಡೆಗೆ ಸಾಗಿಸಲಾಗಿತ್ತು, ಗೋಡೆಗಳು ಬರಿದಾಗಿದ್ದವು. ಆ ಬರಿದಾದ ಅಂಕಣಗಳಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಊಟದ ಬಿಡುವಿನಲ್ಲಿ ಸಂಗೀತ. ಪ್ರವೇಶಕ್ಕೆ ಒಂದು ಶಿಲ್ಲಿಂಗ್. ಬಾಂಬುದಾಳಿ ಹೆಚ್ಚಿದಾಗ ಕಚೇರಿ ನೆಲಮಾಳಿಗೆಗೆ ಇಳಿಯಿತೇ ಹೊರತು ನಿಲ್ಲಲಿಲ್ಲ. 1946ರವರೆಗೆ 1,698 ಕಚೇರಿಗಳು ನಡೆದವು. ಕೇಳಿದವರು ಎಂಟು ಲಕ್ಷಕ್ಕೂ ಮಿಕ್ಕು. ಪ್ರಸಿದ್ಧರೊಡನೆ ಹೊಸಬರೂ ಅಲ್ಲಿ ನುಡಿಸಿದರು. ಮೈರಾ ಹೆಸ್ ತಮಗೆಂದು ಏನನ್ನೂ ತೆಗೆದುಕೊಳ್ಳಲಿಲ್ಲ. ಉಳಿದ ಹಣ ಕಷ್ಟದಲ್ಲಿದ್ದ ಸಂಗೀತಗಾರರ ನಿಧಿಗೆ ಸಂದಿತು. ನಡೆಸಿದ್ದು ಚೇಂಬರ್ ಸಂಗೀತವನ್ನು, ಕೇಳಿದ್ದು ಇಡೀ ನಗರ. ಹತ್ತಿರವಿರುವುದು ಬೇರೆ, ಬಾಗಿಲು ಮುಚ್ಚಿರುವುದು ಬೇರೆ ಎಂಬುದನ್ನು ಇದು ತೋರಿಸಿಕೊಟ್ಟಿತು.

ನಮ್ಮಲ್ಲಿಯೇ ಇನ್ನೊಂದು ಪಾಠವಿದೆ. ಹುಬ್ಬಳ್ಳಿಗೆ ಹತ್ತಿರದ ಕುಂದಗೋಳ ಸವಾಯಿ ಗಂಧರ್ವರ ಊರು. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಕಲಿತದ್ದು ಅಲ್ಲಿ. ಭೀಮಸೇನ ಜೋಶಿಯವರು ಗುರುಸೇವೆ ಮಾಡಿದ್ದು ಅಲ್ಲಿ. 1952ರಲ್ಲಿ ಗುರುಗಳು ತೀರಿಕೊಂಡ ಮರುವರ್ಷ ಜೋಶಿಯವರು ಪುಣೆಯಲ್ಲಿ ಆರಂಭಿಸಿದ ಉತ್ಸವ ಇಂದು ಸಾವಿರಾರು ಜನ ನೆರೆಯುವ ಮಹಾಮೇಳ. ಕುಂದಗೋಳದಲ್ಲಾದರೋ ನಾಡಗೀರರ ವಾಡೆಯಲ್ಲಿ, ಅದೇ ಗುರುವಿನ ನೆನಪಿನಲ್ಲಿ, ಅಹೋರಾತ್ರಿ ಸಂಗೀತ ನಡೆದುಕೊಂಡು ಬಂದಿದೆ. ಗುರು ಒಬ್ಬರೇ, ಪರಂಪರೆ ಒಂದೇ. ಒಂದು ಕಡೆ ವಿಶಾಲ ಚಪ್ಪರ, ಇನ್ನೊಂದು ಕಡೆ ಹಳೆಯ ಮನೆಯ ಅಂಕಣ. ಪುಣೆಯ ಉತ್ಸವ ಆ ಗಾಯನವನ್ನು ನಾಡಿಗೆಲ್ಲ ಪರಿಚಯಿಸಿತು. ಆದರೆ ಆ ಗಾಯನ ಮೊಳೆತದ್ದು ವಾಡೆಯ ಸಂಗೀತದಲ್ಲಿ ಎಂಬುದನ್ನು ಮರೆಯಬಾರದು. ಮರ ಎಷ್ಟು ದೊಡ್ಡದಾದರೂ ನೀರು ಹೊಯ್ಯಬೇಕಾದದ್ದು ಬೇರಿಗೆ.

2020ರ ಮಹಾಮಾರಿ ಎಲ್ಲ ಚಪ್ಪರಗಳನ್ನೂ ಬರಿದುಮಾಡಿದಾಗ ದೊಡ್ಡ ಹೆಸರುಳ್ಳವರು ದೂರವಾಣಿಯ ಪರದೆಯ ಮೇಲಾದರೂ ಕಾಣಿಸಿಕೊಂಡರು. ಪಕ್ಕವಾದ್ಯವನ್ನೇ ನೆಚ್ಚಿದವರಿಗೆ ಆ ಆಸರೆಯೂ ದುರ್ಲಭವಾಯಿತು. ಎಲ್ಲ ಗಳಿಕೆಯನ್ನೂ ಒಂದು ಋತುವಿಗೆ, ಕೆಲವು ವೇದಿಕೆಗಳಿಗೆ ಕಟ್ಟಿಹಾಕಿದರೆ ಏನಾಗುವುದೆಂಬುದು ಆಗ ಬಯಲಾಯಿತು. ಈಚಿನ ವರ್ಷಗಳಲ್ಲಿ ನಗರಗಳ ಮನೆಗಳಲ್ಲಿ, ಮಹಡಿಗಳ ಮೇಲೆ, ಐವತ್ತು ಅರವತ್ತು ಜನರ ಬೈಠಕ್ಕುಗಳು ಮತ್ತೆ ಕಾಣಿಸಿಕೊಳ್ಳುತ್ತಿರುವುದು ಸಂತೋಷದ ಸಂಗತಿ. ಸಂತೋಷದೊಡನೆ ಎಚ್ಚರವೂ ಬೇಕು. ಆಹ್ವಾನಿತರಿಗೆ ಮಾತ್ರ ಎಂಬ ಪಡಸಾಲೆ ಹಳೆಯ ಹೊಸ್ತಿಲನ್ನೇ ಹೊಸದಾಗಿ ಕಟ್ಟಿದಂತೆ. ನಾಗರತ್ನಮ್ಮನವರು ಹೋರಾಡಿ ತೆರೆಸಿದ ಬಾಗಿಲು ಸದ್ದಿಲ್ಲದೆ ಮುಚ್ಚಬಾರದು.

ಹಾಗಾದರೆ ಸಭೆಗಳು ಏನು ಮಾಡಬಹುದು? ಚಪ್ಪರವನ್ನು ಕಿತ್ತುಹಾಕಬೇಕೆಂದು ಯಾರೂ ಹೇಳುವುದಿಲ್ಲ. ಒಂದು ತಿಂಗಳ ಉತ್ಸವದಲ್ಲಿ ನಾಲ್ಕು ಸಂಜೆಗಳನ್ನು ಚಿಕ್ಕ ಅಂಕಣದಲ್ಲಿ, ಧ್ವನಿವರ್ಧಕವಿಲ್ಲದೆ, ಮೊದಲು ಬಂದವರಿಗೆ ಮೊದಲು ಎಂಬ ನಿಯಮದಂತೆ ನಡೆಸುವುದು ಕಷ್ಟವಲ್ಲ. ಆ ಸಂಜೆಗಳ ಪ್ರಧಾನ ವೇಳೆಯನ್ನೇ ಊರಿನ ಕಲಾವಿದರಿಗೆ ಮೀಸಲಿಡಬಹುದು. ಪಕ್ಕವಾದ್ಯದವರ ಸಂಭಾವನೆಯನ್ನು ಸಭೆಯೇ ಮೊದಲು ಗೊತ್ತುಮಾಡಿ ಅವರ ಕೈಗೇ ಕೊಡಬಹುದು. ಕೇಳುಗರಿಂದ ಒಂದು ಮಸಾಲೆದೋಸೆಯ ಬೆಲೆಯಷ್ಟಾದರೂ ಶುಲ್ಕ ಪಡೆಯಬಹುದು. ಅಷ್ಟನ್ನು ತೆರಲಾರದವರಿಗೆ ಹಿಂದಿನಂತೆ ಬಾಗಿಲು ತೆರೆದೇ ಇರಲಿ. ಪ್ರಾಯೋಜಕರ ಫಲಕವಿಲ್ಲದೆ ನಡೆದ ಒಂದು ಸಂಜೆ, ಕೇಳುವವರೇ ಸಾಕಿದ ಸಂಜೆಯಾಗುತ್ತದೆ.

ರಸಿಕರ ಕರ್ತವ್ಯ ಇನ್ನೂ ಸುಲಭ. ಮುಂದಿನ ರಾಮನವಮಿಗೆ ಸಂಜೆ ಐದಕ್ಕೇ ಹೋಗಿ, ಹೆಸರು ಕೇಳರಿಯದ ಹುಡುಗಿಯ ವರ್ಣವನ್ನು ಕೇಳಬೇಕು. ತನಿ ಮುಗಿಯುವವರೆಗೆ ಎದ್ದೇಳದೆ ತಾಳಹಾಕುತ್ತ ಕೂರಬೇಕು. ಕಾಫಿ ಎಲ್ಲಿಗೂ ಹೋಗುವುದಿಲ್ಲ.