ದೇಶದ ಕಾಯಿದೆಯೂ ತಾಯಿಯ ಕಿವಿಯೂ



ಶಾಲೆಯ ಸ್ಮರಣಸಂಚಿಕೆಯಲ್ಲಿ ಗರ್ಭಪಾತದ ವಿಷಯವನ್ನು ಎತ್ತುವದು ಉಚಿತವೇ ಎಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ನಾವೂ ಬಹುಕಾಲ ಹಾಗೆಯೇ ಎಣಿಸಿ ಮೌನವಾಗಿದ್ದೆವು. ಆದರೆ ಹೆಣ್ಣುಮಕ್ಕಳ ಶಾಲೆಯನ್ನು ನಡಿಸುವವರು, ಹಾಜರಿ ಪುಸ್ತಕದಲ್ಲಿ ಒಂದು ಹೆಸರು ವರ್ಷದ ನಡುವೆ ನಿಂತುಹೋಗುವದನ್ನು ಕಾಣದೆ ಇರಲಾರರು. ಹೊಟ್ಟೆನೋವೆಂದು ಮನೆಯಿಂದ ಚೀಟಿ ಬರುವದು. ಬಳಿಕ ಚೀಟಿಯೂ ಬರುವದಿಲ್ಲ. ಅಂಥ ಎಲ್ಲ ಹೆಸರುಗಳ ಹಿಂದೆ ಇದೇ ಕಾರಣವಿರುವದೆಂದು ನಾವು ಹೇಳುವದಿಲ್ಲ. ಕಾರಣವನ್ನು ಕೇಳುವ ಧೈರ್ಯವು ನಮಗಿರಲಿಲ್ಲವೆಂಬದನ್ನು ಮಾತ್ರ ಒಪ್ಪಿಕೊಳ್ಳುತ್ತೇವೆ.

ಮೊದಲು ಕಾಯಿದೆಯು ಏನು ಹೇಳುತ್ತದೆಂಬದನ್ನು ತಿಳಿಯುವದು ಒಳ್ಳೇದು. 1860ನೆಯ ಇಸವಿಯ ಇಂಡಿಯನ್ ಪೀನಲ್ ಕೋಡಿನ 312ನೆಯ ಕಲಮು, ತಾಯಿಯ ಪ್ರಾಣವನ್ನುಳಿಸುವ ಸದುದ್ದೇಶದ ಹೊರತು ಗರ್ಭವನ್ನಿಳಿಸುವದನ್ನು ಅಪರಾಧವೆಂದು ಎಣಿಸಿತು. ತನ್ನ ಗರ್ಭವನ್ನು ತಾನೇ ಇಳಿಸಿಕೊಂಡವಳೂ ಅಪರಾಧಿಯೇ. ಈ ಭಯದಿಂದ ಗರ್ಭಪಾತವು ನಿಲ್ಲಲಿಲ್ಲ, ಕತ್ತಲೆಗೆ ಸರಿಯಿತು. ಕಡ್ಡಿ, ಬೇರು, ಕಷಾಯಗಳನ್ನು ಹಿಡಿದ ಅರಿಯದ ಕೈಗಳಲ್ಲಿ ಎಷ್ಟೋ ಹೆಂಗಸರು ನಂಜೇರಿ ಸತ್ತರು. ಸರಕಾರವು 1964ರಲ್ಲಿ ಶಾಂತಿಲಾಲ್ ಶಾಹರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಅದರ ವರದಿಯ ಫಲವಾಗಿ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯಿದೆಯು ಹುಟ್ಟಿ, 1972ರ ಎಪ್ರಿಲ್ 1ರಿಂದ ಜಾರಿಗೆ ಬಂತು. ತಾಯಿಯ ಪ್ರಾಣಕ್ಕಾಗಲಿ, ದೇಹ ಮನಸ್ಸುಗಳ ಆರೋಗ್ಯಕ್ಕಾಗಲಿ ಅಪಾಯವಿದ್ದಲ್ಲಿ, ಬಲಾತ್ಕಾರದಿಂದ ಗರ್ಭವಾದಲ್ಲಿ, ಅರ್ಹ ವೈದ್ಯರು ಗರ್ಭವನ್ನು ಇಳಿಸಬಹುದೆಂದು ಅದು ವಿಧಿಸಿತು. 2021ರ ತಿದ್ದುಪಡಿಯ ಮೇರೆಗೆ 20 ವಾರಗಳ ವರೆಗೆ ಒಬ್ಬ ವೈದ್ಯರ ಅಭಿಪ್ರಾಯವು ಸಾಕು. ಅಪ್ರಾಪ್ತವಯಸ್ಕರೇ ಮೊದಲಾದ ಕೆಲವರಿಗೆ ಇಬ್ಬರು ವೈದ್ಯರ ಅಭಿಪ್ರಾಯದಿಂದ 24 ವಾರಗಳ ವರೆಗೂ ಅವಕಾಶವುಂಟು. ಮದುವೆಯಾಗದವಳನ್ನು ಈ ಅವಕಾಶದಿಂದ ಹೊರಗಿಡಲಾಗದೆಂದು ಸುಪ್ರೀಮ್ ಕೋರ್ಟು 2022ರಲ್ಲಿ ತೀರ್ಪಿತ್ತಿತು. ಹಳೆಯ ಕೋಡು 2024ರ ಜುಲೈ 1ರಂದು ತೊಲಗಿದರೂ, ಹೊಸ ಭಾರತೀಯ ನ್ಯಾಯ ಸಂಹಿತೆಯ 88ನೆಯ ಕಲಮಿನಲ್ಲಿ ಆ ಅಪರಾಧವು ಹಾಗೆಯೇ ಉಳಿದಿದೆ. 1971ರ ಕಾಯಿದೆಯೇ ಅದರಲ್ಲಿ ತೆರೆದ ಬಾಗಿಲು.

ಕ್ರೈಸ್ತರಾದ ನಾವು ಇದಕ್ಕೆ ಏನೆನ್ನಬೇಕು? ಗರ್ಭದಲ್ಲಿರುವ ಜೀವವು ದೇವರ ದಾನವೆಂದು ನಾವು ನಂಬುತ್ತೇವೆ. ಅದನ್ನು ಕಳೆಯುವದು ಹಗುರವಾದ ಕಾರ್ಯವೆಂದು ನಮ್ಮ ಬಾಯಿಂದ ಎಂದಿಗೂ ಬಾರದು. ರೋಮನ್ ಕಥೋಲಿಕ ಸಭೆಯು ಇದನ್ನು ಸರ್ವಥಾ ನಿಷೇಧಿಸುತ್ತದೆ. ಪ್ರಾಟೆಸ್ಟಂಟ್ ಸಭೆಗಳಲ್ಲಿ ಅಭಿಪ್ರಾಯಗಳು ಬೇರೆಬೇರೆಯಾಗಿವೆ. ಆದಾಗ್ಯೂ ಪಾಪವೆಂದು ಬೋಧಿಸುವದು ಬೇರೆ, ಸೆರೆಮನೆಗೆ ತಳ್ಳುವದು ಬೇರೆ. ಜನರು ಕಲ್ಲು ಹಿಡಿದು ಒಬ್ಬ ಸ್ತ್ರೀಯನ್ನು ಕರ್ತನ ಮುಂದೆ ಎಳೆದುತಂದ ವೃತ್ತಾಂತವನ್ನು ನೀವೆಲ್ಲರೂ ಬಲ್ಲಿರಿ. ಆಕೆಯ ಸಂಗಡವಿದ್ದ ಗಂಡಸನ್ನು ಅಲ್ಲಿಗೆ ಯಾರೂ ತರಲಿಲ್ಲ. ಇಂದಿಗೂ ತರುವದಿಲ್ಲ. ಆದಕಾರಣ 1860ರ ಕತ್ತಲೆಗೆ ತಿರಿಗಿ ಹೋಗಬೇಕೆಂಬವರ ಸಂಗಡ ನಾವು ನಿಲ್ಲಲಾರೆವು.

ಆದರೆ ಒಂದು ವಿಷಯದಲ್ಲಿ ಕಾಯಿದೆಯು ಕಠಿಣವಾಗಿಯೇ ಇರಬೇಕು. ಹೆಣ್ಣೆಂಬ ಒಂದೇ ಕಾರಣದಿಂದ ಶಿಶುವನ್ನು ಕಳೆಯುವವರಿಗೆ ತಡೆಯಾಗಿ 1994ರಲ್ಲಿ ಲಿಂಗಪತ್ತೆಯನ್ನು ನಿಷೇಧಿಸುವ ಕಾಯಿದೆಯಾಯಿತು. ಹೀಗಿದ್ದರೂ ನಮ್ಮ ಮಂಡ್ಯದ ಸೀಮೆಯಲ್ಲೇ, ಆಲೆಮನೆಯೊಂದರಲ್ಲಿ ಯಂತ್ರವನ್ನಿಟ್ಟು ಗರ್ಭವನ್ನು ಪರೀಕ್ಷಿಸುತ್ತಿದ್ದರೆಂಬ ಸಂಗತಿಯು 2023ರಲ್ಲಿ ಪೊಲೀಸರಿಂದ ಬೈಲಾಯಿತು. ದಿಕ್ಕುಗೆಟ್ಟ ಹುಡುಗಿಯ ಗರ್ಭಪಾತವನ್ನು ಕುಲಕ್ಕೆ ಕಳಂಕವೆನ್ನುವ ಸಮಾಜವೇ ಇದನ್ನು ಗುಟ್ಟಾಗಿ ನಡಿಸಿ ಸುಮ್ಮನಿರುವದು. ನಮ್ಮ ಬೆಂಚುಗಳಲ್ಲಿ ಕುಳಿತುಕೊಳ್ಳಬೇಕಾಗಿದ್ದ ಮಕ್ಕಳಲ್ಲವೇ ಅವರು?

ಇನ್ನು ನಾವು ಮುಖ್ಯವಾಗಿ ಹೇಳಬೇಕಾದದ್ದು. ಪ್ರಾಪ್ತವಯಸ್ಕಳಾದ ಸ್ತ್ರೀಯ ವಿಷಯದಲ್ಲಿ ಆಕೆಯ ಒಪ್ಪಿಗೆಯೇ ಸಾಕು, ಗಂಡನದು ಬೇಡ. ಆದರೆ 18 ವರ್ಷ ತುಂಬದವಳಿಗೆ ಪೋಷಕರ ಲಿಖಿತ ಒಪ್ಪಿಗೆಯು ಬೇಕೇ ಬೇಕು. ಅಂದರೆ ಕಾಯಿದೆಯು ಲೇಖನಿಯನ್ನು ನಿಮ್ಮ ಕೈಯಲ್ಲಿಟ್ಟಿದೆ. ನಿಮಗೆ ಹೇಳಲು ಅಂಜುವ ಮಗಳಿಗೆ ಆ ತೆರೆದ ಬಾಗಿಲು ಮುಚ್ಚಿದ್ದೇ ಸರಿ. ಅವಳು ಅಂಜಿ ಬಚ್ಚಿಡುವ ಒಂದೊಂದು ವಾರವೂ ಅಪಾಯವನ್ನು ಹೆಚ್ಚಿಸುವದು. 2012ರ ಪೋಕ್ಸೊ ಕಾಯಿದೆಯಂತೆ ವೈದ್ಯರು ಪೊಲೀಸರಿಗೆ ವರದಿಮಾಡಬೇಕೆಂಬದೂ ಕುಟುಂಬಗಳನ್ನು ಹೆದರಿಸುತ್ತದೆ. ಆದರೆ ಹುಡುಗಿಯೂ ಪೋಷಕರೂ ಕೇಳಿಕೊಂಡರೆ ಆ ವರದಿಯಲ್ಲಿ ಅವಳ ಹೆಸರನ್ನು ಕಾಣಿಸಬೇಕಾಗಿಲ್ಲವೆಂದು 2022ರ ಅದೇ ತೀರ್ಪು ಹೇಳಿದೆ. ಇದನ್ನು ತಿಳಿಯದೆ ಎಷ್ಟು ಮಂದಿ ಕಳ್ಳ ವೈದ್ಯರ ಬಾಗಿಲನ್ನು ತಟ್ಟಿರಬೇಕು!

ಗರ್ಭವನ್ನು ಹೊತ್ತು ಹೆರುವದಕ್ಕೆ ಮನಸ್ಸುಮಾಡಿದ ಹುಡುಗಿಗೂ ನಾವು ಆಸರೆಯಾಗಬೇಕು. ಮಗುವನ್ನು ಸಾಕಲಾರದವಳು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಮರುವಿಚಾರ ಮಾಡುವದಕ್ಕೆ 2015ರ ಬಾಲನ್ಯಾಯ ಕಾಯಿದೆಯು ಎರಡು ತಿಂಗಳ ಅವಧಿಯನ್ನು ಕೊಡುತ್ತದೆ. ಗರ್ಭಪಾತವು ಪಾಪವೆಂದು ಹೇಳಿ, ಹೆತ್ತವಳನ್ನು ಬೀದಿಗೆ ಹಾಕುವವರ ಬೋಧನೆಯನ್ನು ಯಾರು ನಂಬುವರು?

ತಾಯಂದಿರೇ, ಮಗಳು ದೊಡ್ಡವಳಾಗುವ ಮುಂಚೆಯೇ ದೇಹದ ಸಂಗತಿಗಳನ್ನು ಆಕೆಗೆ ನಾಚಿಕೆಯಿಲ್ಲದೆ ತಿಳಿಸಿರಿ. ತಂದೆಗಳೇ, ಗಂಡುಮಕ್ಕಳಿಗೂ ಹೊಣೆಯನ್ನು ಕಲಿಸಿರಿ. ಮಗಳು ಅಳುತ್ತಾ ಬಂದ ದಿನ ಕೈಯೆತ್ತಬೇಡಿರಿ. ನಾವಾದರೋ ಇಂಥ ಕಾರಣದಿಂದ ಯಾವ ಹುಡುಗಿಯ ಹೆಸರನ್ನೂ ಹಾಜರಿ ಪುಸ್ತಕದಿಂದ ಹೊಡೆದುಹಾಕುವದಿಲ್ಲವೆಂದು ನಿಮ್ಮೆಲ್ಲರ ಮುಂದೆ ಮಾತು ಕೊಡುತ್ತೇವೆ. ಚೀಟಿ ನಿಂತ ಮನೆಗೆ ಇನ್ನು ಮುಂದೆ ನಾವೇ ನಡೆದು ಬರುವೆವು. ಆಗ ದಯಮಾಡಿ ಬಾಗಿಲನ್ನು ತೆರೆಯಿರಿ.

ಮುಖ್ಯೋಪಾಧ್ಯಾಯಿನಿ