ಜೋಳಿಗೆ ಮೊದಲು ಹಿರಿಯರ ಮುಂದಿರಲಿ

ಕನ್ನಡದಲ್ಲಿ 'ವ್ಯಸನ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಬಿಡಲಾಗದ ಚಟವೂ ವ್ಯಸನ, ಮನಸ್ಸನ್ನು ಕೊರೆಯುವ ದುಃಖವೂ ವ್ಯಸನ. ಕುಡಿತ ಹೊಕ್ಕ ಮನೆಯಲ್ಲಿ ಈ ಎರಡು ಅರ್ಥಗಳೂ ಒಂದೇ ಸೂರಿನಡಿ ವಾಸಿಸುತ್ತವೆ: ಮೊದಲನೆಯದು ಹಿರಿಯರ ಪಾಲಿಗೆ, ಎರಡನೆಯದು ಮಕ್ಕಳ ಪಾಲಿಗೆ. ಎಳೆಯರಿಗೆ ಮದ್ಯ ಹಾಗೂ ಮಾದಕವಸ್ತುಗಳ ವಿಷಯವಾಗಿ ಪಾಠ ಹೇಳಹೊರಡುವ ಶಾಲೆಯು ಮೊಟ್ಟಮೊದಲು ಮನಗಾಣಬೇಕಾದುದು ಈ ಸಂಗತಿಯನ್ನು.

ಒಂದು ಕಾಲಕ್ಕೆ ಕೆರೆ ಮತ್ತು ರಾಗಿ ಹೊಲಗಳ ಹಳ್ಳಿಯಾಗಿದ್ದ ಕುಂದಲಹಳ್ಳಿಯು ಇಂದು ತಂತ್ರಜ್ಞಾನ ಕಚೇರಿಗಳ ನಡುವಣ ಬಡಾವಣೆ. 1990ರ ದಶಕದಿಂದ ರೂಪು ಬದಲಿಸುತ್ತ ಬಂದ ಈ ಸೀಮೆಗೆ 2023ರ ಮಾರ್ಚ್ ತಿಂಗಳಲ್ಲಿ ಮೆಟ್ರೋ ರೈಲೂ ಬಂದಿತು. ಇಂತಹ ಊರಿನ ತರಗತಿಯಲ್ಲಿ ಕಟ್ಟಡ ಕಾರ್ಮಿಕರ ಶೆಡ್ಡಿನ ಮಗುವೂ ಬಹುಮಹಡಿ ಮನೆಯ ಮಗುವೂ ಒಂದೇ ಬೆಂಚಿನಲ್ಲಿ ಕುಳಿತಿರಬಹುದು. ಒಂದರ ತಂದೆ ಬಟವಾಡೆಯ ದಿನ ತೂರಾಡುತ್ತ ಮನೆಗೆ ಬಂದಾನು. ಇನ್ನೊಂದರ ಮನೆಯಲ್ಲಿ ಅತಿಥಿಗಳಿಗೆಂದು ಗಾಜಿನ ಲೋಟಗಳು ಅಣಿಯಾದಾವು. ಮೊದಲನೆಯದನ್ನು ಸಮಾಜವು ಕುಡುಕತನವೆಂದು ಕರೆಯುತ್ತದೆ; ಎರಡನೆಯದಕ್ಕೆ ಶಿಷ್ಟಾಚಾರದ ಹೆಸರು ಕೊಡುತ್ತದೆ. ಮಗುವಿನ ಕಣ್ಣಿಗೆ ಈ ಭೇದ ಕಾಣದು. ಕೇಂದ್ರ ಸರಕಾರವು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ 10ರಿಂದ 75 ವರ್ಷದೊಳಗಿನವರ ಪೈಕಿ ಶೇಕಡಾ 14.6ರಷ್ಟು ಜನ, ಎಂದರೆ ಸುಮಾರು 16 ಕೋಟಿ ಮಂದಿ, ಮದ್ಯ ಸೇವಿಸುವವರು. ಅವರಲ್ಲಿ ಬಹುಮಂದಿ ಯಾವುದಾದರೊಂದು ಮಗುವಿನ ತಂದೆಯೋ, ಅಣ್ಣನೋ, ಮಾವನೋ ಆಗಿದ್ದಾರೆ.

ಶಾಲೆಗಳಲ್ಲಿ ಈಗ ನಡೆಯುವ ಪಾಠದ ರೀತಿ ಎಲ್ಲರಿಗೂ ಪರಿಚಿತ. ವರುಷಕ್ಕೊಂದು ದಿನ ಭಾಷಣ, ಘೋಷಣೆ, ಪ್ರತಿಜ್ಞೆ, ಚಿತ್ರಸ್ಪರ್ಧೆ. ಕುಡುಕನನ್ನು ರಾಕ್ಷಸನಂತೆ ಚಿತ್ರಿಸಿದ ಮಗುವಿಗೆ ಬಹುಮಾನ. ಆದರೆ ಕುಡಿಯುವ ತಂದೆಯುಳ್ಳ ಮೂರನೆಯ ತರಗತಿಯ ಹುಡುಗಿಯೊಬ್ಬಳು ಆ ಚಿತ್ರವನ್ನು ನೋಡಿ, "ಹಾಗಾದರೆ ನಮ್ಮಪ್ಪ ಕೆಟ್ಟವನೇ, ಮೇಡಂ?" ಎಂದು ಕೇಳಿದರೆ ಉತ್ತರವೇನು? ಬಹುಪಾಲು ಮಕ್ಕಳು ಹಾಗೆ ಕೇಳುವುದೂ ಇಲ್ಲ, ಬಾಯಿ ಮುಚ್ಚಿಕೊಳ್ಳುತ್ತವೆ. ಮನೆಯ ಗುಟ್ಟನ್ನು ಬಚ್ಚಿಡುವುದನ್ನು ಕಲಿಸುವ ಪಾಠವು ಎಷ್ಟೇ ಸದುದ್ದೇಶದ್ದಾಗಿರಲಿ, ಸಹಾಯ ಬೇಕಾದ ಮಗುವಿಗೇ ಬಾಗಿಲು ಮುಚ್ಚಿದಂತಾಗುತ್ತದೆ.

ಬೆದರಿಕೆಯ ಬೋಧನೆ ಫಲಿಸದೆಂಬುದಕ್ಕೆ ಪರದೇಶದ ನಿದರ್ಶನವೂ ಉಂಟು. 1983ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಪೊಲೀಸ್ ಅಧಿಕಾರಿಗಳೇ ತರಗತಿಗೆ ಬಂದು ಮಾದಕವಸ್ತುಗಳ ಕುರಿತು ಎಚ್ಚರಿಸುವ ಕಾರ್ಯಕ್ರಮವೊಂದು ಆರಂಭವಾಗಿ ದೇಶದಾದ್ಯಂತ ಹಬ್ಬಿತು. ಮುಂದೆ ಸಂಶೋಧಕರು ಪರಿಶೀಲಿಸಿದಾಗ ಅದರಿಂದ ಬಾಳುವಂತಹ ಪರಿಣಾಮ ಕಂಡುಬರಲಿಲ್ಲ. ಅದೇ ದೇಶದ ಬಾಲ್ಟಿಮೋರ್ ನಗರದಲ್ಲಿ 1980ರ ದಶಕದ ನಡುವೆ ಒಂದನೆಯ ತರಗತಿಯ ಮಕ್ಕಳಿಗೆ ಒಂದು ಸರಳ ಆಟವನ್ನು ಆಡಿಸಲಾಯಿತು. ತರಗತಿಯನ್ನು ತಂಡಗಳಾಗಿ ವಿಂಗಡಿಸಿ, ನಿಯಮ ಮೀರದೆ ಕುಳಿತು ಕೆಲಸ ಮಾಡಿದ ತಂಡಗಳಿಗೆಲ್ಲ ಗೆಲುವು ಕೊಡುವುದಷ್ಟೇ ಆ ಆಟ. ಅದರಲ್ಲಿ ಮದ್ಯದ ಮಾತೇ ಇರಲಿಲ್ಲ. ಆ ಮಕ್ಕಳು ಇಪ್ಪತ್ತರ ಹರೆಯಕ್ಕೆ ಬಂದಾಗ ನೋಡಿದರೆ, ಚಿಕ್ಕಂದಿನಲ್ಲಿ ಬಹಳ ಪುಂಡರಾಗಿದ್ದ ಗಂಡುಹುಡುಗರಲ್ಲಿ ಮಾದಕವಸ್ತುಗಳಿಗೆ ದಾಸರಾದವರು ಗಣನೀಯವಾಗಿ ಕಡಿಮೆ ಇದ್ದರು. ಎಳವೆಯಲ್ಲಿ ಕಲಿಸಬೇಕಾದುದು ವಿಷದ ಹೆಸರುಗಳನ್ನಲ್ಲ, ಮನಸ್ಸನ್ನು ಹಿಡಿದು ನಿಲ್ಲಿಸುವ ಅಭ್ಯಾಸವನ್ನು ಎಂಬುದು ಇದರಿಂದ ಸ್ಪಷ್ಟ.

ಶರಣ ಪರಂಪರೆಗೆ ಈ ವಿವೇಕ ಹೊಸದಲ್ಲ. ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯನು ಹೆಂಡ ಮಾರುವ ಕಾಯಕದಿಂದ ಬಂದವನು. ಕಲ್ಯಾಣವು ಅವನನ್ನು ಹೊರಗಟ್ಟಲಿಲ್ಲ. ವಚನಕಾರರ ಸಾಲಿನಲ್ಲಿ ಕುಳ್ಳಿರಿಸಿತು. ಇತ್ತೀಚಿನ ಕಾಲದಲ್ಲಿ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಊರೂರು ಸುತ್ತಿ, ಮನೆಮನೆಯ ಮುಂದೆ ಜೋಳಿಗೆ ಹಿಡಿದು, ಕಾಳುಕಡಿಗೆ ಬದಲಾಗಿ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಆ ಜೋಳಿಗೆಯ ಮರ್ಮವನ್ನು ಗಮನಿಸಬೇಕು. ಬೇಡುವವನು ಕೊಡುವವನನ್ನು ನಿಂದಿಸುವುದಿಲ್ಲ. ಅಲ್ಲದೆ ಆ ಜೋಳಿಗೆ ಚಾಚಿದ್ದು ಚಟವುಳ್ಳವರ ಮುಂದೆಯೇ ಹೊರತು ಅವರ ಮಕ್ಕಳ ಮುಂದಲ್ಲ.

ಹೀಗಿರಲಾಗಿ ಎಳೆಯರ ಪಾಠ ಹೇಗಿರಬೇಕು? ಒಂದು ಎರಡನೆಯ ತರಗತಿಯವರಿಗೆ, ಅಪರಿಚಿತರು ಕೊಟ್ಟುದನ್ನು ತಿನ್ನಬಾರದು, ಔಷಧಿಯನ್ನು ಹಿರಿಯರ ಕೈಯಿಂದಲೇ ತೆಗೆದುಕೊಳ್ಳಬೇಕು ಎಂಬಷ್ಟು ಸಾಕು. ಮೂರು ನಾಲ್ಕನೆಯ ತರಗತಿಯವರಿಗೆ, ಗೆಳೆಯನೇ ಒತ್ತಾಯಿಸಿದರೂ 'ಬೇಡ' ಎನ್ನುವ ಧೈರ್ಯವನ್ನು ಆಟ ಮತ್ತು ಸಂವಾದಗಳ ಮೂಲಕ ರೂಢಿಸಬೇಕು. ಐದರಿಂದ ಮೇಲೆ ತಂಬಾಕು, ಗುಟ್ಕಾ, ಮದ್ಯಗಳು ದೇಹಕ್ಕೆ ಮಾಡುವ ಹಾನಿಯನ್ನು ಉತ್ಪ್ರೇಕ್ಷೆಯಿಲ್ಲದೆ ತಿಳಿಸಬಹುದು. ವೈಟ್ನರ್, ಪಂಕ್ಚರ್ ಅಂಗಡಿಯ ಸಲ್ಯೂಷನ್ ಇಂತಹವುಗಳ ಮೇಲೆ ಕಣ್ಣಿಡುವುದು ಮಾತ್ರ ಅಧ್ಯಾಪಕರ ಕೆಲಸ. ಮೂಸುವ ವಸ್ತುಗಳ ಚಟವು ದೊಡ್ಡವರಿಗಿಂತ ಮಕ್ಕಳಲ್ಲಿಯೇ ಹೆಚ್ಚೆಂದು ಮೇಲಿನ ಸಮೀಕ್ಷೆಯೇ ಹೇಳಿದೆ. ಇನ್ನು ತಂದೆಯ ವಿಷಯ ಕೇಳಿದ ಹುಡುಗಿಗೆ ಉತ್ತರ ಇಷ್ಟೇ: "ಅಪ್ಪ ಕೆಟ್ಟವರಲ್ಲ ಮಗಳೇ, ಅವರಿಗೆ ಕಾಯಿಲೆಯಾಗಿದೆ. ಅದರಲ್ಲಿ ನಿನ್ನ ತಪ್ಪೇನೂ ಇಲ್ಲ. ಭಯವಾದಾಗ ಬಂದು ಹೇಳು." ಕಾಯಿಲೆಯೆಂಬುದು ಬರಿಯ ಸಮಾಧಾನದ ಮಾತಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ ಚಿಕಿತ್ಸಾ ವಿಭಾಗವಿದೆ. ಆ ತಂದೆಗೆ ದಾರಿ ತೋರುವುದೂ ಶಾಲೆಯ ಧರ್ಮವೇ.

ಉಳಿದ ಹೊಣೆ ಹಿರಿಯರದು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವುದನ್ನು 2003ರ ಕಾಯಿದೆ ನಿಷೇಧಿಸಿದೆ. ಮಗುವಿಗೆ ಮಾದಕವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯಿದೆಯಲ್ಲಿ 7 ವರ್ಷಗಳವರೆಗೆ ಕಠಿಣ ಸಜೆಯುಂಟು. ಗೇಟಿನೆದುರಿನ ಪೆಟ್ಟಿಗೆ ಅಂಗಡಿಯನ್ನು ಕಂಡೂ ಕಾಣದಂತೆ ಸಾಗುವವರು ಒಳಗೆ ಬಂದು ಪ್ರತಿಜ್ಞೆ ಬೋಧಿಸಿದರೆ ಮಕ್ಕಳು ನಂಬುವುದೆಂತು? ದಾನಿಗಳು ಫಲಕ, ಬಹುಮಾನಗಳಿಗೆ ವಿನಿಯೋಗಿಸುವ ಹಣದಲ್ಲಿ ಒಂದು ಪಾಲನ್ನು ಅಧ್ಯಾಪಕರ ತರಬೇತಿಗೂ, ಮಕ್ಕಳ ಅಳಲನ್ನು ಆಲಿಸುವ ಆಪ್ತಸಲಹೆಗಾರರಿಗೂ ಮೀಸಲಿಡುವುದು ಲೇಸು. ಹಳೆಯ ವಿದ್ಯಾರ್ಥಿಗಳು ಗುರುವಂದನೆಯ ಸಂಜೆಯನ್ನು ಹೋಟೆಲಿನ ಪಾನಗೋಷ್ಠಿಯಲ್ಲಿ ಮುಗಿಸದಿದ್ದರೆ ಅದೇ ಅವರು ಶಾಲೆಗೆ ಸಲ್ಲಿಸುವ ದೊಡ್ಡ ಕಾಣಿಕೆ. ತಾವು ತಂಬಾಕು ಜಗಿಯುತ್ತಿದ್ದರೆ ಅಧ್ಯಾಪಕರು ಅದನ್ನು ಇಂದೇ ಜೋಳಿಗೆಗೆ ಹಾಕಲಿ.

ಮಗುವು ಕಿವಿಯಿಂದ ಕಲಿಯುವುದು ಕೊಂಚ, ಕಣ್ಣಿನಿಂದ ಕಲಿಯುವುದು ಬಹಳ. ಹಿರಿಯರ ಭಿಕ್ಷೆಯಿಂದ ಜೋಳಿಗೆ ತುಂಬಿದ ದಿನ ಎಳೆಯರ ಪಾಠ ಅರ್ಧಕ್ಕಿಂತ ಹೆಚ್ಚು ಮುಗಿದಂತೆಯೇ ಸರಿ.