ಊಟದ ಪಂಕ್ತಿಯಲ್ಲಿ ಮಗುವಿನ ನಾಲಿಗೆಯ ಸಾಕ್ಷಿ

ಊಟದ ಹೊತ್ತಿನಲ್ಲಿ ಮಗುವು ಎಲೆಕೋಸಿನ ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳಿ, “ಇದು ಕಹಿ” ಎಂದರೆ, ನಮ್ಮ ಮನೆಗಳಲ್ಲಿ ಅದಕ್ಕೆ ದೊರೆಯುವ ಉತ್ತರವು ಸಾಮಾನ್ಯವಾಗಿ ಒಂದೇ: “ನಮಗಾರಿಗೂ ಇಲ್ಲದ ಕಹಿ ನಿನಗೆಲ್ಲಿಂದ ಬಂತು? ಸುಮ್ಮನೆ ತಿನ್ನು.” ಪಂಕ್ತಿಯಲ್ಲಿರುವ ಐದಾರು ನಾಲಿಗೆಗಳು ಒಂದು ಮಾತನ್ನು ಹೇಳುವಾಗ ಎಳೆಯ ನಾಲಿಗೆಯೊಂದು ಬೇರೆ ಮಾತನ್ನು ಹೇಳಿದರೆ, ಆ ಸಾಕ್ಷಿಯು ಸುಳ್ಳೆಂದೇ ತೀರ್ಮಾನವಾಗುತ್ತದೆ. ಈ ತೀರ್ಮಾನವು ನ್ಯಾಯವಲ್ಲವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಈ ಸಂಚಿಕೆಯನ್ನೋದುವ ತಾಯಿತಂದೆಗಳ ಮುಂದೆಯೂ, ಈಗ ತಾವೇ ತಾಯಂದಿರಾಗಿರುವ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಇಡಲು ಅಪ್ಪಣೆ ಬೇಡುತ್ತೇನೆ.

1931ರಲ್ಲಿ ಅಮೆರಿಕಾ ದೇಶದ ಡುಪಾಂಟ್ ಕಂಪೆನಿಯ ರಸಾಯನಶಾಲೆಯಲ್ಲಿ ಆರ್ಥರ್ ಫಾಕ್ಸ್ ಎಂಬವರು ಫೀನೈಲ್‌ಥಯೋಕಾರ್ಬಮೈಡ್ ಎಂಬ ಪುಡಿಯನ್ನು ಸೀಸೆಗೆ ತುಂಬುತ್ತಿದ್ದಾಗ, ಅದರ ದೂಳು ಗಾಳಿಯಲ್ಲಿ ಹರಡಿತು. ಹತ್ತಿರದಲ್ಲಿದ್ದ ಸಹೋದ್ಯೋಗಿಯು ಬಾಯೆಲ್ಲ ಕಹಿಯಾಯಿತೆಂದು ದೂರಿದರು. ಪುಡಿಯ ಪಕ್ಕದಲ್ಲಿಯೇ ನಿಂತಿದ್ದ ಫಾಕ್ಸರಿಗಾದರೋ ಏನೊಂದೂ ತಿಳಿಯಲಿಲ್ಲ. ಇಬ್ಬರೂ ಪುಡಿಯನ್ನು ನಾಲಿಗೆಗಿಟ್ಟು ನೋಡಿದರು. ಇಬ್ಬರೂ ಮೊದಲು ಹೇಳಿದುದನ್ನೇ ಮತ್ತೂ ಹೇಳಿದರು. ಫಾಕ್ಸರು ಅಲ್ಲಿಗೆ ಬಿಡದೆ ಇತರರಿಗೂ ರುಚಿ ತೋರಿಸಲು, ಜನರು ಎರಡು ಪಂಗಡಗಳಾಗಿ ಒಡೆದರು. ಮನೆಯ ಪಂಕ್ತಿಯಲ್ಲಿ ನಡೆಯುವ ವ್ಯಾಜ್ಯವೇ ಅಲ್ಲಿಯೂ ನಡೆದದ್ದು. ಆದರೆ ಇಬ್ಬರೂ ದೊಡ್ಡವರಾಗಿದ್ದುದರಿಂದ ಯಾರೂ ಯಾರನ್ನೂ ಗದರಿಸಲಿಲ್ಲ, ವಿಚಾರಣೆಯು ಮುಂದುವರಿಯಿತು. ಈ ಭೇದವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುವುದೆಂದು ಕೆಲವೇ ವರ್ಷಗಳಲ್ಲಿ ಗೊತ್ತಾಯಿತು.

ಇದಕ್ಕೆ ಕಾರಣವಾದ ಜೀನು ಸಿಕ್ಕಿದ್ದು 2003ರಲ್ಲಿ. ಅದನ್ನು ತಿಳಿಯಲು ನಾಲಿಗೆಯ ರಚನೆಯನ್ನು ಸ್ವಲ್ಪ ನೋಡಬೇಕು. ನಾಲಿಗೆಯ ಮೇಲೆ ಕಾಣುವ ಸಣ್ಣ ಉಬ್ಬುಗಳೇ ರುಚಿಯ ಇಂದ್ರಿಯವೆಂದು ಅನೇಕರು ಭಾವಿಸುವರು. ನಿಜವಾದ ರುಚಿಮೊಗ್ಗುಗಳು ಆ ಉಬ್ಬುಗಳಲ್ಲಿ ಅಡಗಿವೆ. ಒಂದೊಂದು ಮೊಗ್ಗಿನಲ್ಲಿಯೂ ಐವತ್ತರಿಂದ ನೂರು ಜೀವಕೋಶಗಳು ಬೆಳ್ಳುಳ್ಳಿಯ ಎಸಳುಗಳಂತೆ ಒತ್ತೊತ್ತಾಗಿ ಕೂಡಿಕೊಂಡಿರುವುವು. ಈ ಕೋಶಗಳಲ್ಲಿ ಕೆಲವುಗಳ ಹೊರಪೊರೆಯಲ್ಲಿ ಗ್ರಾಹಕಗಳೆಂಬ ಪ್ರೋಟೀನುಗಳುಂಟು. ಆಹಾರದ ಅಣುವು ಎಂಜಲಿನಲ್ಲಿ ಕರಗಿ ತನಗೆ ಹೊಂದುವ ಗ್ರಾಹಕವನ್ನು ಮುಟ್ಟಿದೊಡನೆ ಕೋಶದೊಳಗೆ ಸುದ್ದಿಯು ಒಂದು ಅಣುವಿನಿಂದ ಮತ್ತೊಂದಕ್ಕೆ ದಾಟುತ್ತದೆ. ಕಡೆಗೆ ಕೋಶವು ಪಕ್ಕದ ನರವನ್ನು ಎಚ್ಚರಿಸುತ್ತದೆ. ನರವು ಮಿದುಳಿಗೆ ತಿಳಿಸುತ್ತದೆ. ಸಿಹಿಯನ್ನು ಗುರುತಿಸಲು ಎರಡು ಪ್ರೋಟೀನುಗಳ ಒಂದು ಜೋಡಿಯು ಸಾಕಾಗಿದೆ. ಕಹಿಗಾದರೋ ಮನುಷ್ಯನಲ್ಲಿ ಸುಮಾರು 25 ಬಗೆಯ ಗ್ರಾಹಕಗಳಿವೆ. ಗಿಡಮರಗಳ ವಿಷಗಳು ಅನೇಕ ರೂಪದವಾದುದರಿಂದ ಕಾವಲುಗಾರರೂ ಅನೇಕರು ಬೇಕಾದರೆಂದು ಇದಕ್ಕೆ ಕಾರಣ ಹೇಳುವರು. 2000ನೆಯ ಇಸವಿಯವರೆಗೆ ಈ ಕಾವಲುಗಾರರ ಗುರುತೇ ಯಾರಿಗೂ ಇರಲಿಲ್ಲ.

ಫಾಕ್ಸರ ಪುಡಿಯನ್ನು ಗುರುತಿಸುವ ಗ್ರಾಹಕವು 333 ಅಮೈನೊ ಆಮ್ಲಗಳ ಒಂದು ಸರಪಣಿ. ಅದರಲ್ಲಿ 49, 262, 296 ಎಂಬ ಮೂರು ಸ್ಥಾನಗಳಲ್ಲಿ ಜನರೊಳಗೆ ವ್ಯತ್ಯಾಸವಿದೆ. ಒಂದು ಪಾಠದಲ್ಲಿ ಆ ಸ್ಥಾನಗಳಲ್ಲಿ ಪ್ರೋಲೀನ್, ಅಲನೀನ್, ವ್ಯಾಲೀನ್ ಇರುವುವು. ಮತ್ತೊಂದರಲ್ಲಿ ಅಲನೀನ್, ವ್ಯಾಲೀನ್, ಐಸೊಲ್ಯೂಸೀನ್. ಮೂರು ಅಕ್ಷರಗಳ ಭೇದ, ಅಷ್ಟೆ. ಮೊದಲನೆಯ ಪಾಠವನ್ನು ತಾಯಿಯಿಂದಾಗಲಿ ತಂದೆಯಿಂದಾಗಲಿ ಪಡೆದವರಿಗೆ ಕಹಿ ತಿಳಿಯುತ್ತದೆ. ಎರಡನೆಯದನ್ನೇ ಇಬ್ಬರಿಂದಲೂ ಪಡೆದವರಿಗೆ ಬಹುಮಟ್ಟಿಗೆ ತಿಳಿಯುವುದಿಲ್ಲ. ತಾಯಿತಂದೆಗಳಲ್ಲಿ ಒಂದೊಂದು ಪಾಠವೂ ಇದ್ದರೆ, ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೊಳಗೆಯೇ ಒಬ್ಬಳಿಗೆ ಕಹಿ, ಮತ್ತೊಬ್ಬಳಿಗೆ ಸಪ್ಪೆ. ಅಕ್ಕನು ತಿಂದಳಲ್ಲ, ನಿನಗೇನು ಧಾಡಿ ಎಂಬ ನಮ್ಮ ಮಾತಿಗೆ ಇಲ್ಲಿ ಆಧಾರವೇ ಉಳಿಯುವುದಿಲ್ಲ.

ರಸಾಯನಶಾಲೆಯ ಪುಡಿಗೂ ಅಡಿಗೆಮನೆಗೂ ಏನು ಸಂಬಂಧವೆಂದು ಕೇಳಬಹುದು. ಎಲೆಕೋಸು, ಹೂಕೋಸು, ನವಿಲುಕೋಸು, ಸಾಸಿವೆಸೊಪ್ಪು, ಮೂಲಂಗಿ ಇವೆಲ್ಲ ಒಂದೇ ಕುಲದವು. ಇವುಗಳಲ್ಲಿಯ ಗಂಧಕಯುಕ್ತ ವಸ್ತುಗಳಿಂದ ಹುಟ್ಟುವ ಕೆಲವು ಅಣುಗಳು ಆ ಪುಡಿಯನ್ನು ರಚನೆಯಲ್ಲಿ ಹೋಲುತ್ತವೆ. 2006ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಮೊದಲನೆಯ ಪಾಠವನ್ನು ಎರಡು ಕಡೆಯಿಂದಲೂ ಪಡೆದವರಿಗೆ ಈ ಕುಲದ ತರಕಾರಿಗಳು ಇತರರಿಗಿಂತ ಹೆಚ್ಚು ಕಹಿಯಾಗಿ ತೋರಿದುವು. ಹಾಗಲಕಾಯಿಯ ವಿಷಯ ಬೇರೆ. ಅದರ ಕಹಿಯು ಬೇರೆ ಜಾತಿಯ ವಸ್ತುಗಳದು; ಕೋಸನ್ನು ಸುಖವಾಗಿ ತಿನ್ನುವ ಹುಡುಗಿಯು ಹಾಗಲಕ್ಕೆ ಮುಖ ಸಿಂಡರಿಸಬಹುದು. ಅದನ್ನು ಚಪಲಬುದ್ಧಿಯೆನ್ನಲಾಗದು.

ವಯಸ್ಸಿನ ವಿಷಯವೂ ಉಂಟು. 2005ರಲ್ಲಿ ಪ್ರಕಟವಾದ ಶೋಧನೆಯಲ್ಲಿ, ಎರಡು ಪಾಠಗಳನ್ನೂ ಒಂದೊಂದಾಗಿ ಪಡೆದ ಮಕ್ಕಳು, ಅದೇ ಪಾಠಗಳುಳ್ಳ ದೊಡ್ಡವರಿಗಿಂತ ಹೆಚ್ಚು ಸೂಕ್ಷ್ಮವಾಗಿ ಕಹಿಯನ್ನು ಗುರುತಿಸಿದರು. ಹೀಗಿರುವಲ್ಲಿ ತಾಯಿಯು ತನ್ನ ನಾಲಿಗೆಯಿಂದ ಮಗಳ ನಾಲಿಗೆಯನ್ನು ಅಳೆಯಲು ಹೊರಟರೆ ಅಳತೆಗೋಲೇ ತಪ್ಪಾಗುತ್ತದೆ.

ನಮ್ಮ ಪೂರ್ವಿಕರು ಷಡ್ರಸಗಳೆಂದು ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರುಗಳನ್ನು ಎಣಿಸಿದರು. ಇಂದಿನ ಶಾಸ್ತ್ರಜ್ಞರು ಇವುಗಳಲ್ಲಿ ಖಾರವನ್ನೂ ಒಗರನ್ನೂ ರುಚಿಗಳ ಪಟ್ಟಿಯಿಂದ ತೆಗೆದು, ಜಪಾನಿನ ಕಿಕುನಾಯೆ ಇಕೆದಾ ಎಂಬವರು 1908ರಲ್ಲಿ ಕಡಲಪಾಚಿಯ ಸಾರಿನಿಂದ ಬೇರ್ಪಡಿಸಿ ತೋರಿಸಿದ ಉಮಾಮಿ ಎಂಬುದನ್ನು ಸೇರಿಸಿ, ಐದೆನ್ನುವರು. ಪಟ್ಟಿಯ ವಾದ ಹಾಗಿರಲಿ. ಖಾರವನ್ನು ತೆಗೆದ ಕಾರಣವನ್ನು ತಾಯಂದಿರು ತಿಳಿದಿರಬೇಕು. ಮೆಣಸಿನಕಾಯಿಯ ಕ್ಯಾಪ್ಸೇಸಿನ್ ಎಂಬ ವಸ್ತುವು ರುಚಿಮೊಗ್ಗನ್ನಲ್ಲ, ಸುಡುವ ಬಿಸಿಯನ್ನು ತಿಳಿಸುವ ನರದ ಗ್ರಾಹಕವನ್ನು ಮುಟ್ಟುತ್ತದೆ. ಇದನ್ನು 1997ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಜೂಲಿಯಸರಿಗೆ 2021ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಸಾರು ಆರಿದ್ದರೂ “ಅಮ್ಮಾ, ಸುಡುತ್ತದೆ” ಎನ್ನುವ ಮಗುವು, ಭಾಷೆ ಬಾರದೆ ಹಾಗೆನ್ನುವುದಿಲ್ಲ. ಅದರ ನರವು ಹೇಳಿದುದನ್ನು ಅಕ್ಷರಶಃ ಹೇಳುತ್ತದೆ.

ಹಾಗಾದರೆ ಮಕ್ಕಳು ಬೇಡವೆಂದುದನ್ನೆಲ್ಲ ಬಿಟ್ಟುಬಿಡಬೇಕೋ, ಸೊಪ್ಪುತರಕಾರಿಯಿಲ್ಲದೆ ಬೆಳೆಸಬೇಕೋ ಎಂದು ಹಿರಿಯರು ಕೇಳುವರು. ಕೇಳತಕ್ಕದ್ದೇ. ನಾನು ಹಾಗೆ ಹೇಳುವವಳಲ್ಲ. ಸಾಕ್ಷಿಯನ್ನು ನಂಬುವುದು ಬೇರೆ, ಬೇಡಿಕೆಯನ್ನೆಲ್ಲ ಸಲ್ಲಿಸುವುದು ಬೇರೆ. ಗ್ರಾಹಕವು ಕಹಿಯೆಂದು ತಿಳಿಸಬಲ್ಲುದೇ ಹೊರತು, ಆ ಕಹಿಯನ್ನು ಒಲ್ಲೆನೆನ್ನಬೇಕೋ ಒಪ್ಪಬೇಕೋ ಎಂಬುದು ಅಭ್ಯಾಸಕ್ಕೆ ಬಿಟ್ಟದ್ದು. ಇಲ್ಲವಾದರೆ ನಮ್ಮಲ್ಲಿ ಕಾಫಿ ಕುಡಿಯುವವರೇ ಇರುತ್ತಿರಲಿಲ್ಲ. ಒಲ್ಲದ ತರಕಾರಿಯನ್ನು ಗದರಿಸದೆ, ಲಂಚಕೊಡದೆ, ಚಿಟಿಕೆಯಷ್ಟಾಗಿ ಎಂಟುಹತ್ತು ಸಲ ಅಥವಾ ಅದಕ್ಕೂ ಹೆಚ್ಚಾಗಿ ರುಚಿ ತೋರಿಸಿದರೆ ಅನೇಕ ಮಕ್ಕಳು ಒಗ್ಗಿಕೊಳ್ಳುವರೆಂಬುದು ಪರೀಕ್ಷೆಗಳಿಂದ ಸಿದ್ಧಪಟ್ಟಿದೆ. ಅಜ್ಜಿಯರು ಹಾಗಲಕಾಯಿಯ ಹೋಳಿಗೆ ಉಪ್ಪು ಸವರಿಟ್ಟು ನೀರು ಹಿಂಡಿ, ಹುಣಿಸೆಹುಳಿ ಬೆಲ್ಲ ಹಾಕಿ ಗೊಜ್ಜು ಮಾಡುತ್ತಿದ್ದುದೂ ಮಗುವಿನ ಸಾಕ್ಷಿಯನ್ನು ನಂಬಿದ ಅಡಿಗೆಯೇ. ಉಪ್ಪು ಕಹಿಯನ್ನು ಅಡಗಿಸುತ್ತದೆಂದು 1997ರಲ್ಲಿ ವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದಾಗ, ಆ ಅಜ್ಜಿಯರಿಗೆ ಅದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ.

ಇನ್ನೊಂದು ಮಾತು, ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಾದುದರಿಂದ ಹೇಳಲೇಬೇಕಾದದ್ದು. ಅನೇಕ ಮನೆಗಳಲ್ಲಿ ಮಗನು ಬೇಡವೆಂದರೆ ಬೇರೊಂದು ಪಲ್ಯ ಬರುತ್ತದೆ; ಮಗಳು ಬೇಡವೆಂದರೆ ಉಪದೇಶ ಬರುತ್ತದೆ, “ನಾಳೆ ಹೋದ ಮನೆಯಲ್ಲಿ ಹೀಗೆಂದೀಯಾ?” ಎಂದು. ಮೇಲೆ ಹೇಳಿದ ಜೀನು ಗಂಡು ಹೆಣ್ಣೆಂದು ನೋಡಿ ಬರುವುದಲ್ಲ. ತನ್ನ ಬಾಯಲ್ಲಿರುವ ಕಹಿಯನ್ನು ಇಲ್ಲವೆಂದು ಒಪ್ಪಿಕೊಳ್ಳುವಂತೆ ಒಬ್ಬ ಹುಡುಗಿಗೆ ದಿನಕ್ಕೆರಡು ಸಲ ಪಾಠವಾದರೆ, ಮೈಯಲ್ಲಿ ನೋವಿದೆಯೆಂದಾಗಲಿ, ಯಾರದೋ ನಡತೆ ಸರಿಬರಲಿಲ್ಲವೆಂದಾಗಲಿ ಹೇಳಬೇಕಾದ ದಿನ ಆಕೆಯು ಬಾಯಿ ಬಿಡುವಳೆಂದು ನಾವು ಹೇಗೆ ನಂಬೋಣ?

ವಿದ್ಯಾರ್ಥಿನಿಲಯಗಳನ್ನು ನಡಿಸುವವರಿಗೆ ನನ್ನ ಬಿನ್ನಹವು ಸಣ್ಣದು. ತಟ್ಟೆ ಬರಿದಾಗದೆ ಏಳಕೂಡದೆಂಬ ನಿಯಮವಿರುವಲ್ಲಿ, ಕೋಸಿನ ಪಲ್ಯದ ದಿನ ಅರ್ಧ ಚಮಚ ಬಡಿಸಿ, ಕಹಿಯೆಂದವಳನ್ನು “ಎಷ್ಟು ಕಹಿ?” ಎಂದು ಕೇಳಿ, ಬಿಟ್ಟುಬಿಡಿ. ಮುಂದಿನ ವಾರ ಮತ್ತೆ ಅರ್ಧ ಚಮಚ.